ಕಡಲೆ ಅಂದರೆ ಯಾವ ಕಡಲೆ

ನನ್ನ ತಮ್ಮನಿಗೆ ಏಳು ಹೋಟೆಲುಗಳಿವೆ. ಏಳರಲ್ಲೂ ಒಂದೇ ಬಣ್ಣದ ಕುರ್ಚಿ, ಒಂದೇ ಅಳತೆಯ ಬಟ್ಟಲು, ಒಂದೇ ರುಚಿಯ ಸೂಪು. ಆ ರುಚಿ ನನ್ನದು. ಹೀಗೆ ಹೇಳಿಕೊಂಡರೆ ಜಂಬ ಅನ್ನುತ್ತಾರೆ, ಅನ್ನಲಿ. ಮೊದಲನೆಯ ಹೋಟೆಲಿನ ಅಡುಗೆಮನೆಯಲ್ಲಿ ಹತ್ತೊಂಬತ್ತು ವರ್ಷ ಬೆವರು ಸುರಿಸಿದವಳು ನಾನು. ಎಲ್ಲರೂ ನನ್ನನ್ನು ದೊಡ್ಡಕ್ಕ ಅನ್ನುತ್ತಾರೆ, ನನಗಿಂತ ದೊಡ್ಡವರು ಕೂಡ.

ಮೂರನೆಯ ಹೋಟೆಲು ತೆರೆದಾಗ ತಮ್ಮ ಹೊಸ ಪದ್ಧತಿ ತಂದ. ಸೂಪಿನ ಪುಡಿಯನ್ನು ನನ್ನ ಅಡುಗೆಮನೆಯಲ್ಲೇ ಮಾಡಿ, ಪೊಟ್ಟಣ ಕಟ್ಟಿ, ಮೇಲೆ ಹೆಸರು ಬರೆದು ಎಲ್ಲ ಕಡೆಗೂ ಕಳಿಸುವುದು. ಅಲ್ಲಿನ ಅಡುಗೆಯವರು ಕತ್ತರಿಸಿ ಸುರಿದರೆ ಮುಗಿಯಿತು. "ಅವರು ತಲೆ ಓಡಿಸಿದ್ರೆ ರುಚಿ ಕೆಡುತ್ತೆ ಅಕ್ಕ" ಅಂದಿದ್ದ. ಮಹಾ ಬುದ್ಧಿವಂತ!

ಮೊನ್ನೆ ಸಂಜೆ ಏಳನೆಯ ಹೋಟೆಲಿನಲ್ಲಿ ಅನಾಹುತವಾಯಿತು. ಅದು ತೆರೆದು ಇನ್ನೂ ತಿಂಗಳಾಗಿಲ್ಲ. ಊಟಕ್ಕೆ ಬಂದ ಮೇಷ್ಟ್ರೊಬ್ಬರು, "ಇದರಲ್ಲಿ ಕಡಲೆಬೀಜ ಇದೆಯಾ? ನನಗೆ ಅದು ಆಗಿಬರೋಲ್ಲ" ಎಂದು ಬಡಿಸುವ ಹೆಂಗಸನ್ನು ಕೇಳಿದರಂತೆ. ಆಕೆ ಒಳಗೆ ಹೋಗಿ ನೋಡಿಕೊಂಡು ಬಂದು ಇಲ್ಲ ಅಂದಳಂತೆ. ನಾಲ್ಕು ಚಮಚ ಕುಡಿಯುವಷ್ಟರಲ್ಲಿ ಮೇಷ್ಟ್ರ ತುಟಿ ಊದಿತು, ಉಸಿರು ಸಿಕ್ಕಿಕೊಂಡಿತು. ಆಸ್ಪತ್ರೆಗೆ ಎತ್ತಿಕೊಂಡು ಓಡಿದರು. ಪುಣ್ಯಕ್ಕೆ ಜೀವ ಉಳಿಯಿತು.

ಮರುದಿನ ಮಧ್ಯಾಹ್ನ ತಮ್ಮ ಆಕೆಯನ್ನು ಆಫೀಸಿಗೆ ಕರೆಸಿದ. ಆಫೀಸು ಅಂದರೆ ನನ್ನ ಅಡುಗೆಮನೆಗೆ ಅಂಟಿಕೊಂಡ ಕೋಣೆ. ಗೋಡೆಯಾಚೆ ಪಾತ್ರೆ ಬಿದ್ದರೆ ಇಲ್ಲಿ ಬೆಚ್ಚಿಬೀಳಬೇಕು. ಸೂಪು ನನ್ನದಲ್ಲವೇ, ಹಾಗಾಗಿ ನನ್ನನ್ನೂ ಕೂರಿಸಿದ್ದ. ಮೇಜಿನ ಮೇಲೆ ಒಂದು ಹಾಳೆ: ಬಡಿಸುವವರು ಸರಿಯಾಗಿ ವಿಚಾರಿಸದೆ ತಪ್ಪು ಮಾಹಿತಿ ಕೊಟ್ಟಿದ್ದಾರೆ, ಅವರನ್ನು ಕೆಲಸದಿಂದ ತೆಗೆಯಲಾಗಿದೆ. ಕೆಳಗೆ ಆಕೆಯ ಸಹಿಗೆ ಜಾಗ. ಸೋಮವಾರ ಹೊಸ ಪಾಲುದಾರರು ಬರುವವರಿದ್ದರು. ಇನ್ನೂ ಹತ್ತು ಹೋಟೆಲು ತೆರೆಯುವ ಮಾತು ನಡೆದಿತ್ತು. ಕೆಲಸದವಳೊಬ್ಬಳ ತಪ್ಪು ಅಂದರೆ ಅವರು ತಲೆದೂಗುತ್ತಾರೆ. ಪದ್ಧತಿಯೇ ತಪ್ಪು ಅಂದರೆ ಎದ್ದು ಹೋಗುತ್ತಾರೆ.

ಆಕೆಗೆ ನಲವತ್ತರ ಮೇಲಿರಬೇಕು. ಕನ್ನಡಕದ ಕಡ್ಡಿಗೆ ದಾರ ಸುತ್ತಿಕೊಂಡಿದ್ದಳು.

"ನಾನು ಒಳಗೆ ಹೋಗಿ ಪೊಟ್ಟಣ ಓದಿದೆ ಸಾರ್. ಕಡಲೆ ಪುಡಿ ಅಂತಿತ್ತು. ಅಡುಗೆಯವರನ್ನೂ ಕೇಳಿದೆ, ಅವರೂ ಕಡಲೆ ಅಂದ್ರು. ಕಡಲೆಬೀಜ ಅಂತ ಎಲ್ಲೂ ಇರಲಿಲ್ಲ."

ಆ ಪೊಟ್ಟಣದ ಮೇಲೆ ಬರೆಯುವವಳು ನಾನೇ. ನನ್ನ ಅಡುಗೆಮನೆಯಲ್ಲಿ ಕಡಲೆ ಅಂದರೆ ಕಡಲೆಬೀಜ. "ಕಡಲೆ ಹುರಿಯೇ" ಅಂದರೆ ಅದನ್ನೇ ಹುರಿಯುತ್ತಾರೆ. ಬೇಳೆ ಮಾಡುವ ಕಡಲೆಗೆ ನಾವು ಗುಂಡುಕಡಲೆ ಅನ್ನುತ್ತೇವೆ. ಹತ್ತೊಂಬತ್ತು ವರ್ಷ ಹೀಗೇ ಕೂಗಾಡಿಕೊಂಡು ಬಂದವಳಿಗೆ 'ಬೀಜ' ಅನ್ನುವ ಎರಡಕ್ಷರ ಸೇರಿಸಬೇಕೆಂದು ಹೊಳೆಯಲೇ ಇಲ್ಲ. ನಮ್ಮ ಬಾಗಿಲು ದಾಟಿದರೆ ಕಡಲೆ ಅಂದರೆ ಆ ಬೇಳೆಯ ಕಡಲೆಯೇ. ಮೆಣಸು, ಶುಂಠಿ ಬೆರೆಸಿದ್ದರಿಂದ ವಾಸನೆಯಲ್ಲೂ ಗೊತ್ತಾಗುವುದಿಲ್ಲ.

ಆಗಲೇ ಬಾಯಿ ಬಿಡಬೇಕಿತ್ತು. ಬಿಡಲಿಲ್ಲ. ಲೋಕಕ್ಕೆಲ್ಲ ಬುದ್ಧಿ ಹೇಳುವ ನನ್ನ ಬಾಯಿಗೆ ಬೀಗ ಬಿದ್ದಿತ್ತು. ತಮ್ಮ ನನ್ನನ್ನು ಒಮ್ಮೆ ನೋಡಿ ಕಣ್ಣು ತಪ್ಪಿಸಿದ. ಅವನೂ ಇದೇ ಅಡುಗೆಮನೆಯಲ್ಲಿ ಉಂಡು ಬೆಳೆದವನು, ಅವನಿಗೂ ಅರ್ಥವಾಗಿತ್ತು. ಇಬ್ಬರೂ ಸೇರಿ ನಮ್ಮ ತಪ್ಪನ್ನು ಒಬ್ಬ ಬಡಪಾಯಿಯ ತಲೆಗೆ ಕಟ್ಟುತ್ತಿದ್ದೆವು. ಥೂ, ನಮ್ಮ ಜನ್ಮಕ್ಕಿಷ್ಟು!

"ಸಹಿ ಹಾಕಮ್ಮ. ಬೇರೆ ಕಡೆ ಕೆಲಸಕ್ಕೆ ನಾನೇ ಹೇಳ್ತೀನಿ" ಎಂದು ತಮ್ಮ ಪೆನ್ನು ಮುಂದಿಟ್ಟ.

ಆಕೆ ಪೆನ್ನು ತೆಗೆದುಕೊಂಡಳು. ಅಳಲಿಲ್ಲ, ಕೂಗಾಡಲಿಲ್ಲ. "ಹಾಕ್ತೀನಿ ಸಾರ್. ಆದ್ರೆ ಉಳಿದ ಹೋಟೆಲಲ್ಲೂ ಅದೇ ಪೊಟ್ಟಣ ಇರುತ್ತಲ್ವಾ? ಅಲ್ಲಿ ಯಾರಾದ್ರೂ ಕೇಳಿದ್ರೆ ಏನು ಹೇಳ್ತಾರೆ?"

ಗಡಿಯಾರ ನೋಡಿದೆ. ಒಂದೂವರೆ. ಏಳೂ ಕಡೆ ಊಟದ ಜನ ತುಂಬಿರುವ ಹೊತ್ತು. ನಾನು ಎದ್ದು ಫೋನು ಎತ್ತಿಕೊಂಡೆ.

"ಯಾರಿಗೆ ಮಾಡ್ತಿದ್ದೀಯ?"

"ಎಲ್ಲರಿಗೂ. ಸೂಪು ಚೆಲ್ಲಿ ಅಂತ."

"ಅಕ್ಕಾ, ತಲೆ ಕೆಟ್ಟಿದೆಯಾ? ಒಂದು ಪದಕ್ಕೆ ಏಳು ಅಡುಗೆಮನೆ ನಿಲ್ಲಿಸ್ತೀಯಾ? ಸೋಮವಾರ ಅವರು ಬರ್ತಾರೆ. ಸಂಜೆ ಸದ್ದಿಲ್ಲದೆ ಪೊಟ್ಟಣ ಬದಲಾಯಿಸೋಣ."

"ಸಂಜೆ ತನಕ ಜನ ಬಾಯಿ ಮುಚ್ಕೊಂಡು ಕೂತಿರ್ತಾರೇನೋ? ಬರೆದವಳು ನಾನು ಕಣೋ. ಆ ಹಾಳೇಲಿ ನನ್ನ ಹೆಸರು ಹಾಕು, ನಾನು ಸಹಿ ಮಾಡ್ತೀನಿ."

ಅವನು ಇನ್ನೇನೋ ಹೇಳುತ್ತಿದ್ದ, ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಎರಡನೆಯ ಹೋಟೆಲಿನವರು ಸರಿ ಅಂದರು. ಮೂರನೆಯದರಲ್ಲಿ ಅಡುಗೆಯವನೇ ಫೋನು ಎತ್ತಿದ. ನಿಂತಲ್ಲೇ ನಿದ್ದೆ ಹೊಡೆಯುತ್ತಾನೆಂದು ಅವನಿಗೆ ತೂಕಡಿಕೆ ಎಂದೇ ಹೆಸರು. ತಮ್ಮನಿಗೂ ಕೇಳಲಿ ಎಂದು ಫೋನನ್ನು ಸ್ಪೀಕರಿಗೆ ಹಾಕಿ ಮೇಜಿನ ಮೇಲಿಟ್ಟೆ.

"ಯಾಕೆ ದೊಡ್ಡಕ್ಕ, ಅದು ಕಡಲೆ ತಾನೇ? ಈಗಷ್ಟೇ ಒಬ್ಬರು ಬಂದಿದ್ರು. ಮಗಳಿಗೆ ಕಡಲೆಬೀಜ ಅಂದ್ರೆ ಅಲರ್ಜಿಯಂತೆ, ಹಾಕಿದ್ದೀರಾ ಅಂದ್ರು. ಬೀಜ ಗೀಜ ಏನೂ ಇಲ್ಲಮ್ಮ, ಬರೀ ಕಡಲೆ ಅಂತ ಹೇಳಿ ಪಾರ್ಸಲ್ ಕಟ್ಟಿಕೊಟ್ಟೆ."

ತಮ್ಮ ಕುರ್ಚಿ ತಳ್ಳಿ ಎದ್ದ. "ಎಷ್ಟು ಹೊತ್ತಾಯ್ತೋ? ಅವರ ನಂಬರ್ ಇದೆಯಾ?"

"ಹತ್ತು ನಿಮಿಷ ಸಾರ್. ಬಿಲ್ಲಲ್ಲಿದೆ, ತಗೊಳ್ಳಿ."

ತೂಕಡಿಕೆ ಒಂದೊಂದೇ ಅಂಕಿ ಓದಿದ. ಬಡಿಸುವ ಹೆಂಗಸು ಅವನ್ನು ಅದೇ ಹಾಳೆಯ ಮೂಲೆಯಲ್ಲಿ ಬರೆದುಕೊಂಡು ತಮ್ಮನ ಮುಂದೆ ಹಿಡಿದಳು. ಅವನು ತನ್ನ ಫೋನನ್ನೂ ಸ್ಪೀಕರಿಗೆ ಹಾಕಿ ಒತ್ತಿದ. ಆ ಕಡೆ ಹೊಡೆದುಕೊಳ್ಳುತ್ತಲೇ ಇತ್ತು. ಯಾರೂ ಎತ್ತಲಿಲ್ಲ. ಮತ್ತೆ ಒತ್ತಿದ. ಕೊನೆಗೆ ಒಂದು ಹೆಣ್ಣುದನಿ ಕೇಳಿತು.

"ಅಮ್ಮಾ, ಸೂಪು ಕೊಡಬೇಡಿ! ಮಗೂಗೆ ಆ ಸೂಪು ಕೊಡಬೇಡಿ. ಅದರಲ್ಲಿ ಕಡಲೆಬೀಜ ಇದೆ" ಎಂದು ತಮ್ಮ ಕೂಗಿದ.

"ಎರಡು ಸಲ ಕೇಳಿದ್ನಲ್ಲ ನಾನು? ಇಲ್ಲ ಅಂದ್ರಲ್ಲ ನಿಮ್ಮವರು?"

ತಮ್ಮ ಎದುರಿಗಿದ್ದ ಹೆಂಗಸನ್ನು ನೋಡಿದ. ಈ ಸಲ ಕಣ್ಣು ತಪ್ಪಿಸಲಿಲ್ಲ.

"ಅವರು ಸರಿಯಾಗೇ ಓದಿದ್ದಾರಮ್ಮ. ತಪ್ಪು ಬರೆದಿದ್ದು ನಾವು. ಮಗು... ಕುಡಿದುಬಿಟ್ಟಳಾ?"

"ಇಲ್ಲ. ಬಟ್ಟಲಿಗೆ ಹಾಕಿಟ್ಟಿದ್ದೀನಿ," ಅಂದರು ಆಕೆ. "ಚಮಚ ತರೋಕೆ ಒಳಗೆ ಹೋಗಿದ್ದಾಳೆ."