ಬಿಸಿ ಬಟ್ಟಲಿಗೊಂದು ಹತ್ತಿಯ ಅಂಗಿ

ಗುರುವಾರ ಮಧ್ಯಾಹ್ನ ಡ್ರೈವರಣ್ಣನ ಬೆರಳು ಸುಟ್ಟಿತು. ಸುಟ್ಟಿದ್ದು ಅವನಿಗೇ ಗೊತ್ತಾಗಲಿಲ್ಲ, ಅದೇ ದೊಡ್ಡ ಕಷ್ಟ.

ಮೂವತ್ತು ವರ್ಷ ಬಸ್ಸಿನ ಸ್ಟೀರಿಂಗ್ ಹಿಡಿದ ಕೈ ಅದು. ಸಕ್ಕರೆ ಕಾಯಿಲೆ ಬಂದ ಮೇಲೆ ಬೆರಳ ತುದಿಗಳು ಮರಗಟ್ಟಿವೆ. ಬಿಸಿ, ತಂಪು ಒಂದೂ ತಿಳಿಯುವುದಿಲ್ಲ. ಆವತ್ತು ಮೈಕ್ರೋವೇವ್ ಓವನ್ನಿನಿಂದ ಸೂಪಿನ ಪಿಂಗಾಣಿ ಬಟ್ಟಲನ್ನು ಬರಿಗೈಯಲ್ಲಿ ಎತ್ತಿಕೊಂಡು, ಅಡುಗೆಮನೆಯಿಂದ ಕಿಟಕಿ ಪಕ್ಕದ ಮೇಜಿನ ತನಕ ರಾಜನ ಹಾಗೆ ನಡೆದುಬಂದು, ಆರಾಮಾಗಿ ಕೂತು ಕುಡಿದು ಮುಗಿಸಿದ. ಹೆಂಡತಿ ಬಂದು ನೋಡುತ್ತಾಳೆ, ಎರಡು ಬೆರಳಲ್ಲಿ ಬೊಬ್ಬೆ!

"ಅಯ್ಯೋ, ನಿಮ್ಮ ಕೈ ನೋಡ್ರೀ!"

ಅವನು ಕೈಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿಕೊಂಡ. "ಅರೆ! ಇದು ಯಾವಾಗ ಬಂತು?"

ಆ ಹೆಂಡತಿಯನ್ನು ಬೀದಿಯವರೆಲ್ಲ ಕರೆಯುವುದು ಮಿಷಿನಕ್ಕ ಎಂದು. ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಮಿಷಿನ್ ಇಟ್ಟುಕೊಂಡು ಇಪ್ಪತ್ತೆರಡು ವರ್ಷವಾಯಿತು. ಅಳತೆ ಟೇಪು ಕೊರಳಿನಿಂದ ಇಳಿದದ್ದನ್ನು ಕಂಡವರು ಕಡಿಮೆ. ಆ ವಾರ ಮಾತ್ರ ಅವಳ ಕಾಲು ನೆಲದ ಮೇಲಿರಲಿಲ್ಲ. ಮುಂದಿನ ಸೋಮವಾರದಿಂದ ಅವಳು ಹೊಲಿಗೆ ತರಬೇತಿ ಕೇಂದ್ರದಲ್ಲಿ ಟೀಚರ್! ಹದಿನೈದು ಹುಡುಗಿಯರು ಅವಳನ್ನು "ಮೇಡಂ" ಎನ್ನುತ್ತಾರೆ. ಹೊಸ ಚಪ್ಪಲಿ ತಂದಾಗಿತ್ತು, ಕನ್ನಡಿ ಮುಂದೆ ನಿಂತು "ಎಲ್ಲರೂ ಇಲ್ಲಿ ನೋಡಿ" ಎಂದು ಹೇಳಿ ನೋಡಿಕೊಂಡೂ ಆಗಿತ್ತು.

ಈಗ ಈ ಬೊಬ್ಬೆ. ಅವಳು ಬೆಳಿಗ್ಗೆ ಹೋದರೆ ಬರುವುದು ಸಂಜೆಗೆ. ಅವನು ಮಧ್ಯಾಹ್ನ ಒಂದು ಗಂಟೆಗೆ ಸರಿಯಾಗಿ ಉಣ್ಣಬೇಕು, ತಡವಾದರೆ ಸಕ್ಕರೆ ಇಳಿದು ತಲೆ ಸುತ್ತುತ್ತದೆ. ಬೆಳಿಗ್ಗೆಯೇ ಬಿಸಿ ಡಬ್ಬಿಯಲ್ಲಿ ಮುಚ್ಚಿಟ್ಟು ಹೋಗೋಣವೆಂದರೆ, ಮಧ್ಯಾಹ್ನಕ್ಕೆ ಉಗುರುಬೆಚ್ಚಗಾದ ಊಟವನ್ನು ಆ ಮಹಾರಾಯ ಮುಟ್ಟುವುದಿಲ್ಲ.

"ಬರಲ್ಲ ಅಂತ ಫೋನ್ ಮಾಡಿ ಹೇಳಿಬಿಡ್ತೀನಿ," ಎಂದಳು.

"ಹೇಳಿ ನೋಡು! ಆಮೇಲೆ ನಿನ್ನ ಜೊತೆ ಮಾತೇ ಬಿಡ್ತೀನಿ."

"ಬಿಡಿ, ಮನೆ ನಿಶ್ಶಬ್ದವಾಗಿರುತ್ತೆ."

ಬೊಬ್ಬೆಗೆ ಮುಲಾಮು ಹಚ್ಚಿ ಬಟ್ಟೆ ಸುತ್ತಲು ಮಹಡಿ ಮನೆಯ ನರ್ಸ್ ಇಳಿದು ಬಂದಳು. ಇವರಿಗೆ ಅವಳು ಸಿಸ್ಟರ್. ಅವಳಿಗೆ ಇವರು ಅಕ್ಕ, ಭಾವ. ಸಂಗತಿ ಕೇಳಿ ಅವಳು ಕಣ್ಣರಳಿಸಿದಳು.

"ಅಷ್ಟಕ್ಕೆ ಕೆಲಸ ಬಿಡ್ತೀರಾ? ನಮ್ಮ ವಾರ್ಡಲ್ಲಿ ಬಟ್ಟಲಿಗೆ ಬಟ್ಟೆ ಚೀಲದ ತರಹ ಒಂದು ಹೋಲ್ಡರ್ ಇದೆ ಅಕ್ಕ. ಬಟ್ಟಲನ್ನ ಅದರೊಳಗೆ ಕೂರಿಸಿ, ಎರಡನ್ನೂ ಒಟ್ಟಿಗೇ ಓವನ್ನಿಗೆ ಇಡೋದು. ಊಟ ಬಿಸಿಯಾಗುತ್ತೆ. ಆಮೇಲೆ ಬಟ್ಟೆಯ ಮೂಲೆ ಹಿಡಿದು ಎತ್ತೋದು. ಬಿಸಿ ಬಟ್ಟಲನ್ನ ಮುಟ್ಟೋ ಪ್ರಸಂಗಾನೇ ಇಲ್ಲ!"

"ಬಟ್ಟೇನ ಓವನ್ ಒಳಗಾ?" ಡ್ರೈವರಣ್ಣ ನಕ್ಕುಬಿಟ್ಟ. "ಹಾಗಾದ್ರೆ ನನ್ನ ಅಂಗಿನೂ ಇಟ್ಟುಬಿಡಿ, ಚಳಿಗಾಲಕ್ಕೆ ಬೆಚ್ಚಗಿರುತ್ತೆ."

"ನೀವು ಸುಮ್ನಿರಿ," ಎಂದಳು ಮಿಷಿನಕ್ಕ. ಅವಳ ತಲೆಯಲ್ಲಿ ಆಗಲೇ ಕತ್ತರಿ ಓಡುತ್ತಿತ್ತು. "ಅದನ್ನ ಹೊಲಿಯೋದು ನನಗೆ ಎಷ್ಟು ಹೊತ್ತಿನ ಕೆಲಸ!"

"ಆದ್ರೆ ಅಕ್ಕ, ಬಟ್ಟೆ ಮಾತ್ರ ನೋಡಿಕೊಂಡು—"

"ಬಟ್ಟೆ ವಿಚಾರ ನನಗೆ ಹೇಳಿಕೊಡ್ತೀಯೇನೇ ಸಿಸ್ಟರ್? ಹೋಗು, ನಿನ್ನ ಡ್ಯೂಟಿಗೆ ಹೊತ್ತಾಯ್ತು."

ನೋಡಿ, ಇಲ್ಲೇ ಎಡವಟ್ಟಾಗಿದ್ದು. ಕೈಯಲ್ಲಿ ಕಸುಬಿದ್ದವರಿಗೆ ಕಿವಿ ಸ್ವಲ್ಪ ಮಂದ.

ಶುಕ್ರವಾರ ಪೂರ್ತಿ ಮಿಷಿನ್ ಗಡಗಡ ಎಂದಿತು. ಗಂಡನಿಗೆ ಅಂತ ಹೊಲಿಯುವಾಗ ಏನೇನೋ ಹಾಕಿ ಹೊಲಿಯಲಾದೀತೆ? ಪರದೆ ಹೊಲಿದು ಉಳಿದಿದ್ದ ನೀಲಿ ಬಟ್ಟೆ ತೆಗೆದಳು, ಅಂಗಡಿಯವನು ಕಾಟನ್ ಎಂದೇ ಕೊಟ್ಟಿದ್ದ. ಒಳಗೆ ಮೆತ್ತಗಿರಲಿ ಎಂದು ಕೋಟುಗಳ ಭುಜಕ್ಕೆ ಇಡುವ ಸ್ಪಂಜನ್ನು ತೆಳ್ಳಗೆ ಕೊಯ್ದು ತುಂಬಿದಳು. ಡ್ಯಾನ್ಸಿನ ಉಡುಪಿಗೆ ತಂದ ಚಿನ್ನದ ಬಣ್ಣದ ಮಿಂಚುದಾರದಲ್ಲಿ ಅಂಚಿನ ಸುತ್ತ ಎಲೆ, ಬಳ್ಳಿ ಬಿಡಿಸಿದಳು. ಮುಗಿದಾಗ ಅದು ಎಷ್ಟು ಚೆಂದ ಕಂಡಿತೆಂದರೆ ಡ್ರೈವರಣ್ಣನೇ "ಇದರಲ್ಲಿ ಸೂಪ್ ಕುಡೀಬೇಕೋ, ಇಲ್ಲಾ ತಲೆ ಮೇಲೆ ಇಟ್ಕೊಂಡು ಓಡಾಡಬೇಕೋ" ಎಂದ.

ಶನಿವಾರ ಬೆಳಿಗ್ಗೆ ಬಟ್ಟಲಿಗೆ ಸೂಪ್ ಹಾಕಿ, ಹೋಲ್ಡರಿನಲ್ಲಿ ಕೂರಿಸಿ, ಓವನ್ ಬಾಗಿಲು ತೆಗೆದಳು. ಅಷ್ಟರಲ್ಲಿ ರಾತ್ರಿ ಪಾಳಿ ಮುಗಿಸಿ ಬಂದ ಸಿಸ್ಟರ್ ಬಾಗಿಲಲ್ಲಿ ಕಂಡಳು.

"ನಿಲ್ಲಿ ಅಕ್ಕಾ! ಇಡಬೇಡಿ!"

ಕೈಚೀಲವನ್ನು ಕುರ್ಚಿ ಮೇಲೆ ಎಸೆದು ಓಡಿಬಂದು ಆ ಹೋಲ್ಡರನ್ನು ಕೈಗೆ ತೆಗೆದುಕೊಂಡು ಒತ್ತಿ ನೋಡಿದಳು. "ಒಳಗೇನಿದೆ?"

"ಭುಜದ ಸ್ಪಂಜು."

"ಈ ಹೊಳೆಯೋ ದಾರ?"

"ಮಿಂಚುದಾರ. ಯಾಕೆ, ಚೆನ್ನಾಗಿಲ್ವಾ?"

"ಚೆನ್ನಾಗಿದೆ, ಅದಕ್ಕೇ ಭಯ ಆಗ್ತಿದೆ. ಈ ದಾರದಲ್ಲಿ ಲೋಹದ ಎಳೆ ಇರುತ್ತೆ ಅಕ್ಕ, ಓವನ್ ಒಳಗೆ ಹೋದ್ರೆ ಕಿಡಿ ಹಾರುತ್ತೆ. ಸ್ಪಂಜು ಬಿಸಿಗೆ ಕರಗುತ್ತೆ, ಹೊತ್ತಿಕೊಂಡರೂ ಹೊತ್ತಿಕೊಂಡೀತು. ಬಟ್ಟೆ ಯಾವುದು?"

"ಕಾಟನ್!" ಮಿಷಿನಕ್ಕನಿಗೆ ಕೋಪ ಬಂದಿತ್ತು. "ಇಪ್ಪತ್ತೆರಡು ವರ್ಷದಿಂದ ಬಟ್ಟೆ ಮುಟ್ಟಿರೋ ಕೈ ಇದು. ಕೈಗೆ ಗೊತ್ತಾಗಲ್ವಾ?"

ಸಿಸ್ಟರ್ ಡ್ರೈವರಣ್ಣನ ಕಡೆ ನೋಡಿದಳು. ಡ್ರೈವರಣ್ಣ ತನ್ನ ಬೊಬ್ಬೆಯ ಬೆರಳುಗಳನ್ನು ಮೇಲೆತ್ತಿ ತೋರಿಸಿದ. "ಕೈನ ನಂಬಿ ಕೆಟ್ಟವನು ಇಲ್ಲೇ ಕೂತಿದ್ದೀನಿ ಕಣೇ."

ನಗು ತಡೆಯಲಾಗದೆ ಮಿಷಿನಕ್ಕನ ಕೋಪ ಅರ್ಧ ಇಳಿಯಿತು.

"ಒಂದು ಪರೀಕ್ಷೆ ಮಾಡೋಣ," ಎಂದಳು ಸಿಸ್ಟರ್. ಸಿಂಕಿನ ಪಕ್ಕ ಸ್ಟೀಲ್ ತಟ್ಟೆ ಇಟ್ಟಳು, ಒಂದು ಲೋಟ ನೀರು ಹತ್ತಿರ ಇಟ್ಟುಕೊಂಡಳು, ಕಿಟಕಿ ತೆರೆದಳು. ಆ ನೀಲಿ ಬಟ್ಟೆಯ ಉಗುರಗಲದ ಚೂರನ್ನು ಇಕ್ಕಳದಲ್ಲಿ ಹಿಡಿದು ಬೆಂಕಿ ತಾಗಿಸಿದಳು. ಚೂರು ಮುದುಡಿಕೊಂಡಿತು, ಕರಗಿತು, ಪ್ಲಾಸ್ಟಿಕ್ ಸುಟ್ಟ ವಾಸನೆ ಮೂಗಿಗೆ ಬಡಿಯಿತು. ಆರಿದ ಮೇಲೆ ತಟ್ಟೆಯಲ್ಲಿ ಉಳಿದದ್ದು ಸಾಸಿವೆಯಷ್ಟು ಗಟ್ಟಿ ಕರಿ ಗುಂಡು.

"ಈಗ ಹಳೇ ಹಾಸಿಗೆ ಬಟ್ಟೆಯ ಚೂರು ಕೊಡಿ."

ಅದು ಕಾಗದ ಉರಿದ ಹಾಗೆ ಉರಿಯಿತು, ವಾಸನೆಯೂ ಸುಟ್ಟ ಕಾಗದದ್ದೇ. ಬೆರಳಲ್ಲಿ ಉಜ್ಜಿದರೆ ಮೆತ್ತನೆಯ ಬೂದಿ.

ಮಿಷಿನಕ್ಕ ಆ ಕರಿ ಗುಂಡನ್ನೂ ಬೂದಿಯನ್ನೂ ನೋಡುತ್ತ ನಿಂತಳು. ಗಂಡನ ಮಡಿಲಲ್ಲಿ ಅದು ಕರಗಿ ಬಿದ್ದಿದ್ದರೆ? ಅವನಿಗೆ ತಿಳಿಯುತ್ತಲೂ ಇರಲಿಲ್ಲ.

"ಅಂಗಡಿಯವನ ಮನೆ ಹಾಳಾಗ," ಎಂದಳು. ಆಮೇಲೆ ಮೆಲ್ಲಗೆ, "ಹೇಳು ಸಿಸ್ಟರ್. ಏನೇನು ಬೇಕು?"

"ಎಲ್ಲಾ ಹತ್ತಿ ಅಕ್ಕ. ಹೊರಬಟ್ಟೆ ಹತ್ತಿ, ಒಳಗಿನ ಪದರ ಹತ್ತಿ, ದಾರ ಹತ್ತಿ. ಲೋಹದ ಗುಂಡಿ, ಜಿಪ್, ಮಿಂಚು, ಅಂಟು, ಯಾವುದೂ ಬೇಡ."

ಆಹಾ, ಆ ದಿನದ ಗಡಿಬಿಡಿ ಏನು ಕೇಳುತ್ತೀರಿ! ಹಾಸಿಗೆ ಅಂಗಡಿಗೆ ಹೋಗಿ ಹಾಳೆಯಂತೆ ಒತ್ತಿದ ಶುದ್ಧ ಹತ್ತಿ ತಂದಳು, ಅದರ ಚೂರನ್ನೂ ಸುಟ್ಟು ನೋಡಿದಳು. ದಾರದಂಗಡಿಯಲ್ಲಿ "ಕಾಟನ್ ದಾರಾನೇ ಕೊಡಿ, ಸುಳ್ಳು ಹೇಳಿದ್ರೆ ನಿಮ್ಮ ಮುಂದೇನೇ ಸುಡ್ತೀನಿ" ಎಂದು ಗದರಿಸಿ ಉಂಡೆ ತಂದಳು. ಪರೀಕ್ಷೆಯಲ್ಲಿ ಗೆದ್ದ ಆ ಹಳೇ ಹಾಸಿಗೆ ಬಟ್ಟೆಯನ್ನು ಒಗೆದು ಒಣಗಿಸಿದಳು, ಕುಗ್ಗುವುದಿದ್ದರೆ ಮೊದಲೇ ಕುಗ್ಗಲಿ ಎಂದು. ಹತ್ತಿಂಚು ಚೌಕದ ಎರಡು ಬಟ್ಟೆ, ಎರಡು ಹತ್ತಿ ಹಾಳೆ. ಪ್ರತಿ ಬಟ್ಟೆಗೂ ಒಂದು ಹತ್ತಿ ಹಾಳೆ ಸೇರಿಸಿ ಮೂಲೆಯಿಂದ ಮೂಲೆಗೆ ಅಡ್ಡಡ್ಡ ಹೊಲಿದಳು. ನಾಲ್ಕೂ ಬದಿಯ ನಡುವೆ ರವಿಕೆಗೆ ಹಿಡಿಯುವ ಹಾಗೆ ಸಣ್ಣ ಮಡಿಕೆ ಹೊಲಿದು ಟಕ್ಸ್ ಹಿಡಿದಳು, ಬಟ್ಟೆ ತಾನಾಗಿ ಬಟ್ಟಲಿನಂತೆ ಗುಳಿಯಾಯಿತು. ಹೊರಮೈಗಳು ಎದುರುಬದುರಾಗಿ ಬರುವಂತೆ ಎರಡನ್ನೂ ಜೋಡಿಸಿ, ಮೂರು ಬೆರಳಿನಷ್ಟು ಜಾಗ ಬಿಟ್ಟು ಸುತ್ತ ಹೊಲಿದು, ಆ ಜಾಗದಿಂದ ಒಳಗಿನದನ್ನು ಹೊರಗೆ ತಿರುವಿ, ಬಾಯಿ ಮುಚ್ಚಿ ಹೊಲಿದಳು. ನಾಲ್ಕು ಮೂಲೆ ಕಿವಿಗಳಂತೆ ನಿಮಿರಿ ನಿಂತವು.

ಭಾನುವಾರ ಬೆಳಿಗ್ಗೆ ಉಳಿದ ದಾರದ ತುದಿಗಳನ್ನು ಕತ್ತರಿಸುತ್ತ ಕೂತಿದ್ದಳು. ಈಗ ಅವಳಿಗೆ ಸುಟ್ಟು ನೋಡುವ ಹುಚ್ಚು ಹಿಡಿದಿತ್ತಲ್ಲ, ಆ ತುದಿಗಳನ್ನೂ ಬಿಡಲಿಲ್ಲ. ಮೇಲಿನ ಹೊಲಿಗೆಯ ದಾರ ಬೂದಿಯಾಯಿತು. ಕೆಳಗಿನ ಹೊಲಿಗೆಯ ದಾರ ಗುಂಡಾಯಿತು.

"ಥೂ ನನ್ನ!" ಎಂದು ಹಣೆ ಚಚ್ಚಿಕೊಂಡಳು.

ಆಗಿದ್ದಿಷ್ಟು. ಮಿಷಿನ್ ಮೇಲಿನ ಉಂಡೆಯನ್ನು ಬದಲಿಸಿದವಳು ಕೆಳಗಿನ ಬಾಬಿನ್ನನ್ನು ಮರೆತಿದ್ದಳು. ಅದರಲ್ಲಿ ಹಳೆಯ ಪಾಲಿಯೆಸ್ಟರ್ ದಾರವೇ ಇತ್ತು. ಬಣ್ಣವೂ ಒಂದೇ, ಬಿಳಿ. ಹೊಲಿಗೆಯ ಅರ್ಧ ದಾರ ಹತ್ತಿ, ಅರ್ಧ ದಾರ ಕರಗುವಂಥದ್ದು.

"ಹೋಗಲಿ ಬಿಡೇ," ಎಂದ ಡ್ರೈವರಣ್ಣ. "ಒಂದು ಕೂದಲೆಳೆ ದಾರಕ್ಕೆ ಎಷ್ಟು ರಾಮಾಯಣ! ಸಿಸ್ಟರಿಗೂ ಗೊತ್ತಾಗಲ್ಲ."

"ರೀ, ಚಕ್ರದ ಒಂದೇ ಒಂದು ನಟ್ಟು ಸಡಿಲ ಇದ್ರೆ ನೀವು ಬಸ್ ತೆಗೀತಿದ್ರಾ?"

"ಇಲ್ಲ."

"ಪ್ಯಾಸೆಂಜರಿಗೆ ಗೊತ್ತಾಗ್ತಿತ್ತಾ?"

"ಇಲ್ಲ ಮಾರಾಯ್ತಿ. ಬಿಚ್ಚು, ಬಿಚ್ಚು. ನಾನು ದಾರ ಆರಿಸಿ ಹಾಕ್ತೀನಿ."

ಪೂರ್ತಿ ಹೊಲಿಗೆ ಬಿಚ್ಚಿದರು. ಬಾಬಿನ್ನಿಗೆ ಹತ್ತಿ ದಾರ ಸುತ್ತಿ, ಮೊದಲಿನಿಂದ ಹೊಲಿದಳು. ಮಧ್ಯಾಹ್ನ ಸಿಸ್ಟರ್ ಎದುರಿಗೇ ಪರೀಕ್ಷೆ. ಸೂಪ್ ತುಂಬಿದ ಬಟ್ಟಲು, ಎರಡೇ ನಿಮಿಷ, ಮೂವರೂ ಓವನ್ ಮುಂದೆ ಹಾಜರು. ಟಿಣ್ ಎಂದಿತು. ಕಿಡಿಯಿಲ್ಲ, ಹೊಗೆಯಿಲ್ಲ!

"ಒಂದು ನಿಮಿಷ ತಡೀರಿ ಭಾವ. ಈಗ ಎರಡು ಕಡೆ ಕಿವಿ ಹಿಡೀರಿ. ಬಟ್ಟಲು ಮುಟ್ಟಬೇಡಿ. ಬಿಸಿ ಎಷ್ಟಿದೆ ಅಂತ ಬೆರಳನ್ನ ಕೇಳಬೇಡಿ, ಅದು ಸುಳ್ಳು ಹೇಳುತ್ತೆ. ಮಣಿಕಟ್ಟಿನ ಒಳಭಾಗಾನ ಹಬೆ ಹತ್ತಿರ ತಂದು ನೋಡಿ."

ಡ್ರೈವರಣ್ಣ ಕಿವಿ ಹಿಡಿದು ಎತ್ತಿದ. ಮೇಜಿನ ತನಕ ಒಂದೊಂದೇ ಹೆಜ್ಜೆ ಇಟ್ಟು ನಡೆದ. ಇಟ್ಟು, ಇಬ್ಬರ ಕಡೆಗೂ ತಿರುಗಿ, "ಕೊನೇ ಸ್ಟಾಪ್, ಎಲ್ಲಾ ಇಳೀರಿ!" ಎಂದು ಕೂಗಿದ. ಮಿಷಿನಕ್ಕ ಚಪ್ಪಾಳೆ ತಟ್ಟುತ್ತ ತಟ್ಟುತ್ತ ಅತ್ತೇಬಿಟ್ಟಳು.

ಸೋಮವಾರ ಅವಳು ಹೊಸ ಚಪ್ಪಲಿ ಮೆಟ್ಟಿ ಹೋದಳು. ಹದಿನೈದು ಹುಡುಗಿಯರೂ ಮೇಡಂ ಎಂದರು. ಆದರೆ ಒಂದು ಗಂಟೆ ದಾಟಿದ ಮೇಲೆ ಮೇಡಂ ಕಿವಿ ಎಲ್ಲಾ ಫೋನಿನ ಮೇಲೆ. ಒಂದೂಕಾಲಕ್ಕೆ ಫೋನ್ ಮಾಡುತ್ತೇನೆ ಎಂದಿದ್ದ. ಒಂದೂಕಾಲಾಯಿತು, ಒಂದೂ ಇಪ್ಪತ್ತಾಯಿತು. ಇವಳೇ ಮಾಡಿದಳು, ಎತ್ತಲಿಲ್ಲ. ಮತ್ತೆ ಮಾಡಿದಳು. ಮೂರನೆಯ ಸಲ ಎತ್ತಿದ.

"ಏನ್ರೀ, ಎಲ್ಲಿ ಹೋಗಿದ್ರಿ? ಜೀವ ಬಾಯಿಗೆ ಬಂದಿತ್ತು!"

"ಬಾಯಲ್ಲಿ ಊಟ ಇತ್ತು ಕಣೇ, ಹೇಗೆ ಮಾತಾಡ್ಲಿ? ಬಿಸಿ ಬಿಸಿ ಸೂಪು, ಎರಡು ಬಟ್ಟಲು. ಎರಡನೇದನ್ನೂ ನಾನೇ ಬಿಸಿ ಮಾಡ್ಕೊಂಡೆ."

"ಕೈ?"

"ಹತ್ತೂ ಬೆರಳು ಕನ್ನಡಕ ಹಾಕ್ಕೊಂಡು ನೋಡಿದೆ. ಹೊಸ ಬೊಬ್ಬೆ ಒಂದೂ ಇಲ್ಲ. ನೀನು ಹೋಗಿ ಪಾಠ ಮಾಡು ಟೀಚರಮ್ಮ."

ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲೂ ಬೆರಳು ಮರಗಟ್ಟಿದವರು, ಕೈ ನಡುಗುವವರು, ಬಿಸಿ ಬಟ್ಟಲನ್ನು ಸೆರಗಿನಲ್ಲೋ ಒದ್ದೆ ಬಟ್ಟೆಯಲ್ಲೋ ಹಿಡಿದು ಎತ್ತುವವರು ಇದ್ದೇ ಇರುತ್ತಾರೆ. ಅವರಿಗೊಂದು ಹೋಲ್ಡರ್ ಹೊಲಿದುಕೊಡಿ. ಬಟ್ಟೆ, ಒಳಪದರ, ದಾರ ಮೂರೂ ಅಪ್ಪಟ ಹತ್ತಿಯದಾಗಿರಲಿ. ಅಂಗಡಿಯವರ ಮಾತು ಕೇಳಿ, ಆದರೆ ಚೂರು ಸುಟ್ಟು ನೋಡಿಯೇ ನಂಬಿ. ಸುಡುವಾಗ ನೀರು ಹತ್ತಿರವಿರಲಿ, ಮಕ್ಕಳು ದೂರವಿರಲಿ. ಬೂದಿಯಾದರೆ ಹೊಲಿಯಿರಿ, ಕರಗಿ ಗುಂಡು ಕಟ್ಟಿದರೆ ಬಿಡಿ. ಹೊಲಿದದ್ದನ್ನು ಮೈಕ್ರೋವೇವ್ ಬಿಟ್ಟು ಗ್ರಿಲ್ಲಿಗೆ, ಒಲೆಗೆ ಇಡಬೇಡಿ. ಖಾಲಿ ಬಟ್ಟಲಿಟ್ಟು ಓಡಿಸಬೇಡಿ, ಎರಡು ಮೂರು ನಿಮಿಷಕ್ಕಿಂತ ಹೆಚ್ಚು ಬೇಡ, ಅಷ್ಟು ಹೊತ್ತೂ ಅಲ್ಲೇ ನಿಂತಿರಿ. ಬಟ್ಟೆ ಕಂದಿದರೆ ಮೋಹ ಬಿಟ್ಟು ಎಸೆದು ಬೇರೆ ಹೊಲಿಯಿರಿ.

ಈಗಾಗಲೇ ಒಂದು ಹೊಲಿದಿಟ್ಟಿದ್ದೀರಾ? ಬಾಬಿನ್ನಿನಲ್ಲಿ ಯಾವ ದಾರ ಇತ್ತು, ನೆನಪಿದೆಯಾ? ನೆನಪಿಲ್ಲದಿದ್ದರೆ ಇವತ್ತೇ ಬಿಚ್ಚಿ. ಅದರಲ್ಲೇನೂ ಅವಮಾನವಿಲ್ಲ, ಇಪ್ಪತ್ತೆರಡು ವರ್ಷ ಹೊಲಿದ ಮಿಷಿನಕ್ಕನೇ ಬಿಚ್ಚಿದಳು.