ಕೈ ನಡೆದ ದೂರ

ಬೆವೆತ ಪೈಜಾಮ ಕುರ್ಚಿಯ ರೆಕ್ಸಿನ್ನಿಗೆ ಅಂಟಿಕೊಂಡಿದೆ, ತೊಡೆ ಅಲುಗಿದ್ದಕ್ಕೆ ಚರ್ರೆಂದಿತು, ಆ ಸದ್ದಿಗೆ ಎದ್ದೇಬಿಟ್ಟನೆಂದು ಹಾಲ್‌ನಲ್ಲಿದ್ದವರೆಲ್ಲ ಕತ್ತು ಉದ್ದ ಮಾಡಿದರು — ಎದ್ದಿಲ್ಲ ಸ್ವಾಮಿ, ಬರೀ ಟ್ರೈಲರ್ ಅದು, ಆಪರೇಟರ್ ಇನ್ನೂ ಕೂತೇ ಇದ್ದಾನೆ, ಥಿಯೇಟರಿನ ಪ್ರೊಜೆಕ್ಟರ್ ರೂಮಿನಲ್ಲಿ ನಲವತ್ತು ವರ್ಷ ನಿಂತೇ ದುಡಿದವನು ಈ ವೃದ್ಧಾಶ್ರಮಕ್ಕೆ ಬಂದ ಎರಡು ವರ್ಷದಲ್ಲಿ ಕೂರುವುದರಲ್ಲಿ ಪಿಎಚ್‌ಡಿ ಮುಗಿಸಿದ್ದಾನೆ. ಬನ್ನಿ ಸರ್, ಇಲ್ಲಿಂದ ಬಾಗಿಲಿಗೆ ಹದಿನೈದೇ ಹೆಜ್ಜೆ, ಯಾರೂ ಕೈ ಕೊಡ್ಬೇಡಿ, ಅವರೇ ಬರ್ಲಿ. ಇದು ವ್ಯಾಯಾಮದ ಮೇಡಂ. ಹದಿನೈದೇ ಅಂತೆ, ಹೇಳುವ ಬಾಯಿಗೇನು ಮಂಡಿನೋವೇ, ಬಾಗಿಲಲ್ಲಿ ಮಗಳು ನಿಂತಿದ್ದಾಳೆ, ಮುಖದಲ್ಲಿ ಮೊದಲ ದಿನದ ಮೊದಲ ಆಟಕ್ಕೆ ಬಂದವರ ಬೆಳಕು, ಪಾಪ, ಅವಳಿಗೆ ಕಥೆ ಗೊತ್ತಿಲ್ಲ. ಕಥೆ ಶುರುವಾದದ್ದು ಅವಳಿಂದಲೇ, ಮೂರು ತಿಂಗಳ ಹಿಂದೆ, ಇದೇ ಕುರ್ಚಿಯ ಪಕ್ಕ ಮೊಣಕಾಲೂರಿ ಅವನ ಬಲ ಮಣಿಕಟ್ಟಿಗೆ ಹೆಜ್ಜೆ ಎಣಿಸುವ ವಾಚು ಕಟ್ಟಿದಳು, ಅಪ್ಪಾ, ನಮ್ಮನೆಗೆ ಲಿಫ್ಟಿಲ್ಲ, ಇಪ್ಪತ್ತೆರಡು ಮೆಟ್ಟಿಲು, ದಿನಾ ನಾಲ್ಕು ಸಾವಿರ ಹೆಜ್ಜೆ ನಡೆದು ಕಾಲು ಗಟ್ಟಿ ಮಾಡ್ಕೋ, ನಾನೇ ಬಂದು ಕರ್ಕೊಂಡ್ ಹೋಗ್ತೀನಿ, ಇಲ್ಲಿನ ಲೆಕ್ಕ ನನ್ನ ಫೋನಲ್ಲಿ ಕಾಣತ್ತೆ, ಮೋಸ ಮಾಡಂಗಿಲ್ಲ. ಮೋಸ, ನಾನಾ, ಅಂದಿದ್ದ, ಆ ಕ್ಷಣಕ್ಕೆ ನಿಜವಾಗಿಯೇ ಅಂದಿದ್ದ. ಮೊದಲ ದಿನ ಮಂಚದಿಂದ ಕಿಟಕಿಗೆ, ಕಿಟಕಿಯಿಂದ ಮಂಚಕ್ಕೆ ನಡೆದ, ಮಂಡಿಚಿಪ್ಪಿನೊಳಗೆ ಯಾರೋ ಮರಳು ಸುರಿದು ಅರೆಯುತ್ತಿದ್ದರು, ಅರವತ್ತೊಂದು ಹೆಜ್ಜೆ, ಪಕ್ಕದ ಮಂಚದ ಹೆಡ್‌ಮಾಸ್ಟರು ಆಗಲೇ ಎರಡು ಸಾವಿರ ಮುಗಿಸಿ ಬೆವರೊರೆಸುತ್ತ, ಏನಯ್ಯಾ ಆಪರೇಟರ್, ನಿನ್ನ ಗಾಡಿ ಸ್ಟ್ಯಾಂಡಿಂದ ಇಳಿಯೋದೇ ಇಲ್ವಲ್ಲ. ಸಿಂಹ ಕೂತಿದೆ ಅಂದ್ರೆ ಸುಸ್ತಾಗಿದೆ ಅಂತಲ್ಲ ಮೇಷ್ಟ್ರೇ, ಗುರಿ ಇಟ್ಟಿದೆ ಅಂತ. ಆಯ್ತಪ್ಪಾ ಸಿಂಹ, ಊಟದ ಗಂಟೆ ಹೊಡೀತು, ಅಷ್ಟಕ್ಕಾದ್ರೂ ಏಳು.

ಅವತ್ತು ಸಂಜೆ ಸುಮ್ಮನೆ ಕೂತಿದ್ದ, ಬಲಗೈ ತಾನಾಗಿಯೇ ತಿರುಗತೊಡಗಿತ್ತು, ಅದೊಂದು ಹಳೇ ಚಾಳಿ, ಆಟ ಮುಗಿದ ಮೇಲೆ ರೀಲನ್ನು ಕೈಯಲ್ಲೇ ಹಿಂದಕ್ಕೆ ಸುತ್ತಿಡಬೇಕಲ್ಲ, ಹಿಡಿ ಹಿಡಿದು ತಿರುಗಿಸು, ತಿರುಗಿಸು, ಬೇಗವಾದರೆ ಫಿಲ್ಮು ಹರಿಯುತ್ತದೆ, ನಿಧಾನವಾದರೆ ಮುಂದಿನ ಆಟದವರು ಸೀಟಿ ಹೊಡೆಯುತ್ತಾರೆ, ಕೈಗೆ ಆ ತಾಳ ಎಲುಬಿನಲ್ಲೇ ಇದೆ — ವಾಚು ನೋಡಿದರೆ ಸಾವಿರದ ಇಪ್ಪತ್ತು. ಪ್ರತಿ ಸುತ್ತಿಗೂ ಒಂದು ಹೆಜ್ಜೆ ಎಣಿಸಿಕೊಂಡಿತ್ತು, ಪುಣ್ಯಾತ್ಮ. ಒಬ್ಬನೇ ನಕ್ಕ, ಕಣ್ಣಲ್ಲಿ ನೀರು ಬರುವಷ್ಟು, ಇವತ್ತೊಂದು ದಿನ, ನಾಳೆಯಿಂದ ಕಾಲಲ್ಲೇ ನಡೆಯುತ್ತೇನೆ ಅಂದುಕೊಂಡ, ಅಷ್ಟರಲ್ಲಿ ಫೋನು, ಅಪ್ಪಾ, ಸಾವಿರ ದಾಟಿದೀಯ, ಅವಳ ದನಿಯಲ್ಲಿ ಹಬ್ಬ, ಆ ದನಿಗೆ ಮಾರನೇ ದಿನ ಅರವತ್ತೊಂದನ್ನು ಹೇಗೆ ಕೊಡುವುದು, ಎರಡು ಸಾವಿರ ಕೊಟ್ಟ, ಮೂರು, ನಾಲ್ಕು, ಒಂದು ಭಾನುವಾರ ಉತ್ಸಾಹ ಉಕ್ಕಿ ಏಳೂಮುಕ್ಕಾಲು ಸಾವಿರ, ಹೆಡ್‌ಮಾಸ್ಟರನ್ನೂ ಹಿಂದೆ ಹಾಕಿ, ಕುರ್ಚಿಯಿಂದ ಕದಲದೆ. ಮೇಡಂ ಮೆಚ್ಚಿಕೊಂಡು ಅವನನ್ನು ಕಾರಿಡಾರಿನ ನಡಿಗೆಗೆ ಕರೆಯುವುದನ್ನೇ ಬಿಟ್ಟರು, ಸರ್ ಬೆಳಿಗ್ಗೆನೇ ಮುಗಿಸ್ಕೊಂಡಿರ್ತಾರೆ ಬಿಡಿ, ಬೇರೆಯವರು ಕಂಬಿ ಹಿಡಿದು ಏದುಸಿರು ಬಿಡುತ್ತ ಹೋಗುವಾಗ ಅವನಿಗೆ ಮಾತ್ರ ರಜೆ, ಸಂಬಳ ಸಮೇತ ರಜೆ, ಒಳಗೊಳಗೇ ಕಾಲು ಕರಗುತ್ತಿತ್ತು, ಪೈಜಾಮದ ಕಾಲು ದಿನದಿನಕ್ಕೆ ಅಗಲವಾಗುತ್ತಿತ್ತು, ನೋಡಿದ್ದ, ನೋಡಿಯೂ ಕೈ ತಿರುಗಿಸಿದ್ದ.

ಈಗ ಬ್ಯಾಗು ಕಾರಿನಲ್ಲಿದೆ. ಅವಳೇ ಹಾಸಿಗೆ ಮಡಿಸಿದಳು, ನಿನ್ನ ಕೋಣೆಗೆ ಬಣ್ಣ ಹೊಡೆಸಿದೀನಿ ಅಪ್ಪಾ ಅಂದಳು, ಹೊರಡೋ ಮುಂಚೆ ಎಲ್ಲರ ಮುಂದೆ ಒಂದ್ಸಲ ನಡೆದು ತೋರಿಸಿ ಅಂದರು ಮೇಡಂ, ಹದಿನೈದು ಹೆಜ್ಜೆ, ಆಮೇಲೆ ನಾಲ್ಕು ಮೆಟ್ಟಿಲು, ಮನೆಗೆ ಕಳಿಸುವ ಕಾಗದಕ್ಕೆ ಮೇಡಂ ಸಹಿ, ಕ್ಲೈಮ್ಯಾಕ್ಸು. ಬಾಗಿಲು ಸ್ಪ್ರಿಂಗಿನದು, ಬಿಟ್ಟರೆ ತಾನೇ ಮುಚ್ಚಿಕೊಳ್ಳುತ್ತದೆ, ಮುಚ್ಚದಂತೆ ಮಗಳು ಪಾದ ಅಡ್ಡ ಇಟ್ಟಿದ್ದಾಳೆ, ಎಡಪಾದ, ಚಪ್ಪಲಿಯ ಪಟ್ಟಿ ಬಾಗಿಲಿನ ಒತ್ತಡಕ್ಕೆ ಮಡಚಿಕೊಂಡಿದೆ. ಏಳು. ಎರಡೂ ಕೈ ಹಿಡಿಕೆಯ ಮೇಲೆ, ಕೈಗೇನು, ಕೈ ಉಕ್ಕು, ಮೇಲೆತ್ತಿತು, ಒಂದು ಗೇಣು, ರೆಕ್ಸಿನ್ ಬಿಟ್ಟಿತು, ಕಾಲು ಹಿಡಿಯಲಿಲ್ಲ, ಇದು ಯಾರ ಕಾಲು, ಬಾಡಿಗೆಗೆ ತಂದದ್ದೋ, ದೊಪ್ಪನೆ ಕೂತ. ಹೀರೋ ಎರಡನೇ ಏಟಿಗೆ ಏಳ್ತಾನೆ ಕಣೋ, ಹೆಡ್‌ಮಾಸ್ಟರು, ಈ ಸಲ ತಮಾಷೆಯಿಲ್ಲ ದನಿಯಲ್ಲಿ, ಎರಡನೇ ಏಟು, ಅರ್ಧ ಗೇಣು. ಮೂರನೆಯದಕ್ಕೆ ಬರೀ ಕುರ್ಚಿ ಕಿರುಗುಟ್ಟಿತು. ಮೇಡಂ ಪೆನ್ನಿನ ಮುಚ್ಚಳ ಹಾಕಿದರು. ಅಪ್ಪಾ, ಏನಾಯ್ತು, ನಿನ್ನೆ ಐದು ಸಾವಿರ ನಡೆದೆಯಲ್ಲ — ಅವಳು ಓಡಿ ಬರಬೇಕೆಂದು ಬಾಗಿದಳು, ಬಂದರೆ ಬಾಗಿಲು ಮುಚ್ಚುತ್ತದೆ, ಬರಬೇಡ, ಅಲ್ಲೇ ಇರು, ಆ ಪಾದ ತೆಗೆಯಬೇಡ, ಇನ್ನೊಂದು ಸಲ ಎದ್ದೇ ಏಳುತ್ತೇನೆ, ಬಾಯಲ್ಲಿ ಬಂದದ್ದು ಬೇರೆ, ಕಾಲಲ್ಲಿ ನಡೀಲಿಲ್ಲ ಕಣಮ್ಮಾ, ಕೈ ತಿರುಗಿಸ್ತಿದ್ದೆ, ಹೀಗೆ, ಕೂತ್ಕೊಂಡು. ತಿರುಗಿಸಿ ತೋರಿಸಿದ. ಅವಳ ಕೈಯ ಫೋನು ಸಣ್ಣಗೆ ಅಲುಗಿತು, ಅಲ್ಲೂ ಹೆಜ್ಜೆ ಏರುತ್ತಿರಬೇಕು, ಅವಳು ಅದನ್ನು ನೋಡಿದಳು, ಅವನನ್ನು ನೋಡಿದಳು, ಎಷ್ಟು ದಿನದಿಂದ ಅಪ್ಪಾ. ಮೊದಲ ದಿನದಿಂದ. ಬಯ್ಯಲಿ, ಅಳಲಿ, ಏನಾದರೂ ಅನ್ನಲಿ, ಮುಖ ನೋಡಲಾರ, ಕೆಳಗೆ ನೋಡಿದ, ಬಾಗಿಲು ಒತ್ತುತ್ತಿದೆ, ಪಾದ ಕೆಂಪಾಗಿದೆ, ಅವಳು ಒಳಕ್ಕೆ ಬರುತ್ತಿಲ್ಲ, ಹೊರಕ್ಕೆ ಹೋಗುತ್ತಿಲ್ಲ, ಬಾಗಿಲು ಒತ್ತುತ್ತಿದೆ, ಪಟ್ಟಿ ಮಡಚಿದೆ, ಆ ಪಾದ, ಬಾಗಿಲು, ಆ ಪಾದ