ಸೆನೋವಾರ ಓದಿದ ಪುಟ

ರಾಯಪುರಂನ ಸರ್ಕಾರಿ ಶಾಲೆಯಲ್ಲಿ ಶಿವರಂಜನಿ ಏಳನೇ ತರಗತಿಯ ಟೀಚರು. ಹುಟ್ಟಿ ಬೆಳೆದದ್ದೆಲ್ಲ ಪೆರಂಬೂರಿನ ರೈಲ್ವೆ ಕ್ವಾರ್ಟರ್ಸಿನಲ್ಲಿ. ಮನೆಯಲ್ಲಿ ದಾವಣಗೆರೆ ಕನ್ನಡ, ಬೀದಿಯಲ್ಲಿ ತಮಿಳು. ಅವಳ ತರಗತಿಯೂ ಅಂಥದ್ದೇ. ಮೀನುಗಾರರ ತಮಿಳು, ಬಂದರು ಕೂಲಿಗಳ ತೆಲುಗು, ಉರ್ದು, ಬಿಹಾರದ ಹಿಂದಿ, ಎಲ್ಲ ಒಂದೇ ಕೋಣೆಯಲ್ಲಿ ಕಚ್ಚಾಡಿಕೊಂಡು ಬಾಳುತ್ತಿದ್ದವು. ಆ ಜೂನ್‌ನಲ್ಲಿ ಸೆನೋವಾರ ಬಂದಳು. ಬರ್ಮಾದಿಂದ ಓಡಿಬಂದ ರೋಹಿಂಗ್ಯಾ ಕುಟುಂಬದ ಹುಡುಗಿ, ಹನ್ನೆರಡು ವರ್ಷ. ಅಪ್ಪ ಎಣ್ಣೂರು ರಸ್ತೆಯಲ್ಲಿ ಗುಜರಿ ಆಯುತ್ತಿದ್ದ. ಅವಳಿಗೆ ತಮಿಳು ಒಂದಕ್ಷರವೂ ಬರುತ್ತಿರಲಿಲ್ಲ.

"ಒಂದನೇ ಕ್ಲಾಸಲ್ಲಿ ಕೂರಿಸಿ," ಎಂದರು ಹೆಡ್‌ಮಾಸ್ಟರ್ ರಘು ಸಾರ್. "ಎಲ್ಲಿಂದಲೋ ಬಂದವರನ್ನೆಲ್ಲ ಯಾಕೆ ಸೇರಿಸ್ತೀರಿ ಅಂತ ಈಗಾಗಲೇ ಜನ ಕೇಳ್ತಿದ್ದಾರೆ."

ಶಿವರಂಜನಿಯೇ ಅವಳನ್ನು ಕೈಹಿಡಿದು ಕೆಳಗೆ ಕರೆದೊಯ್ದಳು. ಪುಟಾಣಿಗಳ ಬೆಂಚಿನ ಕೆಳಗೆ ಆ ಹುಡುಗಿಯ ಮೊಣಕಾಲು ಹಿಡಿಸಲಿಲ್ಲ. ಟೀಚರು ಮೇಲೆ ಬಂದು ಸೀಮೆಸುಣ್ಣ ಎತ್ತಿಕೊಳ್ಳುವಷ್ಟರಲ್ಲಿ ಸೆನೋವಾರ ಚೀಲ ಹೊತ್ತು ಬಾಗಿಲಲ್ಲಿ ನಿಂತಿದ್ದಳು. ಮತ್ತೆ ಕೆಳಗೆ ಬಿಟ್ಟು ಬಂದರೆ, ಊಟದ ಹೊತ್ತು ಕಳೆಯುತ್ತಲೇ ಮತ್ತೆ ಹಾಜರ್. ಅಳಲಿಲ್ಲ, ಬೇಡಲಿಲ್ಲ. ಸುಮ್ಮನೆ ನಿಂತಳು.

ಮೀನುಗಾರರ ಮಗಳು ಬೇಬಿ, ಕೊರಳ ಶಿಲುಬೆಯನ್ನು ಬಾಯಲ್ಲಿ ಕಚ್ಚಿಕೊಂಡು ಇದನ್ನೆಲ್ಲ ನೋಡುತ್ತಿದ್ದವಳು, ಒಮ್ಮೆಲೇ ಪಕ್ಕಕ್ಕೆ ಸರಿದು ಬೆಂಚು ತಟ್ಟಿದಳು. "ವಾ, ಉಕ್ಕಾರು!"

ಸೆನೋವಾರ ಬಂದು ಕೂತಳು. ಶಿವರಂಜನಿ ಬೋರ್ಡಿನ ಕಡೆ ತಿರುಗಿ ಲೆಕ್ಕ ಮುಂದುವರಿಸಿದಳು. ಅಂದಿನಿಂದ ಸಂಜೆ ಶಾಲೆ ಬಿಟ್ಟ ಮೇಲೆ ಹುಡುಗಿಗೆ ತಮಿಳು ಅಕ್ಷರ ತಿದ್ದಿಸತೊಡಗಿದಳು.

ಮನೆಗೆ ತಡವಾಗಿ ಬರುವ ಕಾರಣ ತಿಳಿದು ತಾಯಿ ಶಂಕ್ರಮ್ಮ ರೇಗಿದರು. "ಯಾರ್ದೋ ಹುಡುಗಿಗೋಸ್ಕರ ಹೆಡ್‌ಮಾಸ್ಟರ್ ಜತಿ ಯಾಕವ್ವಾ ಸಂಡೈ ಹಾಕ್ತೀ, ಈ ಜಗಳ ಬೇಕಿತ್ತೇನು?"

"ಸಂಡೈ ಶುರು ಮಾಡಿದ್ದು ಆ ಹುಡುಗಿ, ಅಮ್ಮಾ. ನಾನು ಆಮೇಲೆ ಸೇರ್ಕಂಡೆ."

ಒಂದು ತಿಂಗಳು ಕಂಡೂ ಕಾಣದಂತಿದ್ದ ರಘು ಸಾರ್, ಪೋಷಕರ ಸಭೆಯಲ್ಲಿ ಸೆನೋವಾರಳ ವಿಷಯಕ್ಕೆ ಗಲಾಟೆಯಾದ ಮರುದಿನ ಊಟದ ಗಂಟೆಗೆ ಮುಂಚೆ ತರಗತಿಗೆ ನುಗ್ಗಿದರು.

"ಯಾರನ್ನ ಕೇಳಿ ಇವಳನ್ನ ಇಲ್ಲಿ ಕೂರಿಸಿದ್ರಿ?"

"ವಯಸ್ಸಿಗೆ ತಕ್ಕ ಕ್ಲಾಸಲ್ಲೇ ಕೂರಿಸಬೇಕು ಸಾರ್. ಕಾನೂನೇ ಹಾಗಿದೆ."

"ನನಗೆ ಕಾನೂನು ಹೇಳ್ತೀರಾ? ಸರಿ, ಇದನ್ನ ಓದಲಿ." ತಮಿಳು ಪುಸ್ತಕ ಬಿಡಿಸಿ ಸೆನೋವಾರಳ ಮುಂದೆ ಹಾಕಿದರು.

ಶಿವರಂಜನಿ ಸೀಮೆಸುಣ್ಣ ಕೆಳಗಿಟ್ಟಳು. ಉದ್ದನೆಯ ಪದವಿರಲಿ, ಹುಡುಗಿಗೆ ದೀರ್ಘವೇ ಇನ್ನೂ ನೆಟ್ಟಗೆ ಹಿಡಿತಕ್ಕೆ ಬಂದಿರಲಿಲ್ಲ.

ಸೆನೋವಾರ ಎದ್ದು ನಿಂತು ಓದತೊಡಗಿದಳು. ಎರಡನೇ ಪದಕ್ಕೇ ಎಡವಿದಳು.

"ನೋಡಿದ್ರಾ? ಸಾಕು," ಎಂದು ರಘು ಸಾರ್ ಪುಸ್ತಕಕ್ಕೆ ಕೈಚಾಚಿದರು.

ಅವಳು ಪುಸ್ತಕ ಬಿಡಲಿಲ್ಲ. ಬೆರಳಿಟ್ಟು ಒಂದೊಂದೇ ಅಕ್ಷರ ಕೂಡಿಸುತ್ತ ಮುಂದೆ ಹೋದಳು. ತಪ್ಪಿದಲ್ಲಿ ನಿಂತು, ಹಿಂದಕ್ಕೆ ಬಂದು, ಮತ್ತೆ ಓದಿದಳು. ಅರ್ಥ ಅರ್ಧಕ್ಕರ್ಧ ಆಗುತ್ತಿರಲಿಲ್ಲವೆಂದು ಶಿವರಂಜನಿಗೆ ಗೊತ್ತಿತ್ತು. ರಘು ಸಾರ್ ಹೇಳಿದ್ದು ಸುಳ್ಳೇನಲ್ಲ, ಅವಳಿಗೆ ತಮಿಳು ಬರುತ್ತಿರಲಿಲ್ಲ. ಆದರೂ ನಿಲ್ಲಿಸುತ್ತಿಲ್ಲವಲ್ಲ!

ಗಂಟೆ ಹೊಡೆಯಿತು. ಅಂಗಳದಿಂದ ಸಾಂಬಾರಿನ ವಾಸನೆ ಬಂತು. ಒಂದು ಮಗುವೂ ಏಳಲಿಲ್ಲ. ಹಸಿದ ಮಕ್ಕಳು ತಟ್ಟೆಗಳನ್ನು ಮಡಿಲಲ್ಲಿಟ್ಟುಕೊಂಡು ಹೆಡ್‌ಮಾಸ್ಟರನ್ನೇ ನೋಡುತ್ತ ಕೂತರು. ಪುಟ ಮುಗಿಯಿತು. ಸೆನೋವಾರ ಹಾಳೆ ಮಗುಚಿದಳು.

"ಊಟಕ್ಕೆ ಹೋಗ್ರಪ್ಪಾ," ಎಂದು ಗೊಣಗಿ ರಘು ಸಾರ್ ಹೊರನಡೆದರು.

ಮರುದಿನ ಶಿವರಂಜನಿಗೆ ಮೆಮೋ ಬಂತು. ಇನ್ನೊಮ್ಮೆ ಎದುರು ಮಾತಾಡಿದರೆ ಎಣ್ಣೂರಿಗೆ ಎತ್ತಂಗಡಿ ಎಂದು ರಘು ಸಾರ್ ಬಾಯಲ್ಲೂ ಹೇಳಿದರು.

"ಹಾಕಿ ಸಾರ್. ಅಲ್ಲೂ ಮಕ್ಕಳಿದ್ದಾರೆ," ಎಂದು ಸಹಿ ಮಾಡಿ ತರಗತಿಗೆ ಬಂದಳು. ಒಬ್ಬ ಪೋಷಕ ಮಗನನ್ನು ಬೇರೆ ಶಾಲೆಗೆ ಒಯ್ದ. ಸೆನೋವಾರಳನ್ನು ಕೆಳಗೆ ಕಳಿಸುವ ಮಾತನ್ನು ಮಾತ್ರ ಆಮೇಲೆ ಯಾರೂ ಎತ್ತಲಿಲ್ಲ.

ಆ ವಾರವೇ ಹಿಂದಿನ ಬೆಂಚಿನವನೊಬ್ಬ, "ಏಯ್ ಬರ್ಮಾ, ನಿನ್ನೂರಿಗೆ ಹೋಗು," ಎಂದ. ಸೆನೋವಾರ ತಿರುಗಿ ಮೀನು ಹರಾಜಿನಲ್ಲಷ್ಟೇ ಕೇಳಿಬರುವಂಥ ತಮಿಳು ಬೈಗುಳವೊಂದನ್ನು ಗಟ್ಟಿಯಾಗಿ ಎಸೆದಳು. ಕಲಿಸಿದವಳು ಬೇಬಿಯೇ ಇರಬೇಕು. ತರಗತಿಯೆಲ್ಲ ಹೋ ಎಂದಿತು. ಶಿವರಂಜನಿ ಕೇಳಿಸದವಳಂತೆ ಬೋರ್ಡು ಒರೆಸುತ್ತಲೇ ಇದ್ದಳು.